ಪರದೆಯಾಚೆಯ ಡಾಕ್ಟರರಿಗೆ ಶಿರಗುಪ್ಪಿಯ ಒಲೆ ಕಾಣಬೇಕು

ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಲ್ಲಿ ಹಿರಿಯರಿಗೆ ದೊಡ್ಡ ಜಡ್ಡು ಬಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಊರು ಮಿರಜ. ಜಿಲ್ಲಾ ಕೇಂದ್ರ ಬೆಳಗಾವಿ ದೂರ. ಮಿರಜ ಗಡಿಯಾಚೆಗಿದ್ದರೂ ಹತ್ತಿರ. ಅಲ್ಲಿ 1894ರಲ್ಲಿ ವಾನ್ಲೆಸ್ ಆಸ್ಪತ್ರೆ ಶುರುವಾದ ಕಾಲದಿಂದಲೂ ಕೃಷ್ಣಾ ತೀರದ ಕನ್ನಡ ಹಳ್ಳಿಗಳು ಆ ದಾರಿ ತುಳಿದಿವೆ. ಆದರೆ ಯಾವ ಊರಿನ ಆಸ್ಪತ್ರೆಗೆ ಹೋದರೂ ತಿರುಗಿ ಬರುವಾಗ ಕೈಯಲ್ಲಿರುವುದು ಗುಳಿಗೆಯ ಚೀಲ. ಊಟದ ಬಗ್ಗೆ ಕಿವಿಗೆ ಬಿದ್ದಿರುವುದು ಎರಡೇ ಮಾತು: "ಸಕ್ಕರಿ ಬಿಡ್ರಿ, ಉಪ್ಪು ಕಡಿಮಿ ಮಾಡ್ರಿ." ಹಾಗಾದರೆ ಏನು ಉಣ್ಣಬೇಕು, ಎಷ್ಟು, ಯಾವ ಹೊತ್ತಿಗೆ? ಅದನ್ನು ಕೂತು ಹೇಳುವವರು ವಿರಳ.

ಈ ಕೊರತೆ ತುಂಬುವ ಸಾಧನ ಈಗಾಗಲೇ ಊರೂರಿಗೆ ಬಂದಿದೆ: ದೂರದ ಡಾಕ್ಟರರನ್ನು ಪರದೆಯ ಮೇಲೆ ಕಾಣುವ ದೂರವೈದ್ಯ. ಕರ್ನಾಟಕಕ್ಕೆ ಅದು ಹೊಸದೇನಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. 2019ರ ನವೆಂಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಇ-ಸಂಜೀವಿನಿ ಅದನ್ನು ಆರೋಗ್ಯ ಉಪಕೇಂದ್ರದ ಮಟ್ಟಕ್ಕೆ ಇಳಿಸಿತು. 2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ನಡುವೆ, ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆಯೂ ಸೇರಿತು. 2023ರ ಹೊತ್ತಿಗೆ ದೇಶದಲ್ಲಿ ಇಂಥ ಸಮಾಲೋಚನೆಗಳು 10 ಕೋಟಿ ದಾಟಿದವು. ಸೇವೆ ಪೂರ್ತಿ ಉಚಿತ.

ಹತ್ತು ಕೋಟಿ ಮಾತುಕತೆಗಳಾದರೂ ಅಡುಗೆಮನೆಯ ಮಾತು ಹಿಂದೆಯೇ ಉಳಿದಿದೆ. ನೆಗಡಿ, ಮೊಣಕಾಲು ನೋವು, ಬಿಪಿ ಗುಳಿಗೆ, ಮುಗಿಯಿತು. ನಿಯಮವೇನೂ ಊಟದ ಮಾತಿಗೆ ಅಡ್ಡಿಯಲ್ಲ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರು ಮಾಡಬಹುದಾದ ಕೆಲಸಗಳನ್ನು ಹೇಳುವಾಗ ಆರೋಗ್ಯ ಶಿಕ್ಷಣವನ್ನೇ ಮೊದಲು ಇಟ್ಟಿದೆ, ಅದರಲ್ಲಿ ಆಹಾರವನ್ನು ಹೆಸರಿಸಿಯೇ ಹೇಳಿದೆ. ಔಷಧಿ ಬರೆಯುವ ಮಾತು ಆಮೇಲೆ ಬರುತ್ತದೆ. ರೂಢಿಯಲ್ಲಿ ಆ ಕ್ರಮ ತಲೆಕೆಳಗಾಗಿದೆ.

ಶಿರಗುಪ್ಪಿಯ ಸುತ್ತ ಒಮ್ಮೆ ಕಣ್ಣಾಡಿಸಿದರೆ ಈ ಶಿಕ್ಷಣ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದು ತಿಳಿಯುತ್ತದೆ. ಇದು ಕಬ್ಬಿನ ಸೀಮೆ. ನೆರೆಯ ಉಗಾರದ ಸಕ್ಕರೆ ಕಾರ್ಖಾನೆ 1939ರದ್ದು. ಇಲ್ಲಿ ಸಕ್ಕರೆ ಬಿಡಿ ಎಂದರೆ ಆಯಿ ಬಿಟ್ಟಾಳು, ಆದರೆ "ಬೆಲ್ಲ ನಡೀತೈತಿ" ಎಂದು ಅದೇ ಚಹಾಕ್ಕೆ ಬೆಲ್ಲ ಹಾಕಿಕೊಳ್ಳುತ್ತಾಳೆ. ರಕ್ತದ ಸಕ್ಕರೆಯ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ ಎಂದು ಆಕೆಗೆ ಯಾರೂ ಹೇಳಿಲ್ಲ. ಒಂದು ಕಪ್ಪಿಗೆ ಎರಡು ಚಮಚ ಎಂದರೆ 10 ಗ್ರಾಂ. ದಿನಕ್ಕೆ ನಾಲ್ಕು ಕಪ್ಪಾದರೆ 40. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯಲ್ಲಿ ಆರೋಗ್ಯವಂತರಿಗೇ ಹಾಕಿರುವ ಮಿತಿ 20ರಿಂದ 25 ಗ್ರಾಂ. ಉಪ್ಪಿಗೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಇರುವ ತಾಟಿನಲ್ಲಿ ಆ ಚಮಚ ಬೆಳಗಿನ ಊಟಕ್ಕೇ ಖಾಲಿಯಾಗಬಹುದು.

ಇನ್ನೊಂದು ಮುಖ, ಅದು ಇನ್ನೂ ಕಾಡುವಂಥದ್ದು: ಸಾಕಾಗದ ಊಟ. ಹಲ್ಲು ಹೋದ ಮೇಲೆ ರೊಟ್ಟಿ ಬಿಡುತ್ತದೆ, ಕಾಳುಪಲ್ಯ ಬಿಡುತ್ತದೆ. ಚಹಾದಲ್ಲಿ ಅದ್ದಿದ ಖಾರಿ, ರಾತ್ರಿ ತಿಳಿಸಾರಿನ ಅನ್ನ ಉಳಿಯುತ್ತದೆ. ವಯಸ್ಸಾಗುತ್ತಿರುವವರ ಕುರಿತ 2017-18ರ ರಾಷ್ಟ್ರಮಟ್ಟದ ಲಾಸಿ ಸಮೀಕ್ಷೆಯಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು 27 ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. 50 ಕಿಲೋ ತೂಕದ ಹಿರಿಯರಿಗೆ ದಿನಕ್ಕೆ 40 ಗ್ರಾಂಗಿಂತ ತುಸು ಹೆಚ್ಚೇ ಪ್ರೋಟೀನ್ ಬೇಕು. ಅನ್ನ-ಸಾರಿನಲ್ಲಿ ಅದು ಹುಟ್ಟುವುದಿಲ್ಲ. ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ಮೆತ್ತಗೆ ಬೆಂದ ಹೆಸರುಬೇಳೆ, ನುಣ್ಣಗೆ ಅರೆದ ಶೇಂಗಾ, ಒಂದು ಲೋಟ ಹಾಲು: ಎಲ್ಲವೂ ಮನೆಯಲ್ಲೇ ಇವೆ. ಹೇಳಿಕೊಡುವ ಬಾಯಿ ಬೇಕು, ಅಷ್ಟೇ.

ಆ ಬಾಯಿಗೆ ಊರಿನ ನೇಮ-ನಿಷ್ಠೆಯೂ ಗೊತ್ತಿರಬೇಕು. ಜೈನ ಮುನಿ ಆಚಾರ್ಯ ವಿದ್ಯಾನಂದರು ಹುಟ್ಟಿದ ಶೇಡಬಾಳ ಇದೇ ತಾಲ್ಲೂಕಿನದು. ಇಲ್ಲಿನ ಎಷ್ಟೋ ಜೈನ ಮನೆಗಳಲ್ಲಿ ಹಿರಿಯರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಾರೆ. ಅವರಿಗೆ ರಾತ್ರಿ ಎಂಟಕ್ಕೆ ಊಟ, ಆಮೇಲೆ ಗುಳಿಗೆ ಎಂದು ಬರೆದ ಚೀಟಿಯಿಂದ ಪ್ರಯೋಜನವಿಲ್ಲ. ಅಪಾಯವೂ ಉಂಟು. ಮರುದಿನ ಬೆಳಗಿನವರೆಗೆ ಹನ್ನೆರಡು ತಾಸಿಗೂ ಹೆಚ್ಚು ಹೊಟ್ಟೆ ಖಾಲಿ ಇದ್ದಾಗ ಕೆಲವು ಮಧುಮೇಹದ ಗುಳಿಗೆಗಳು ಸಕ್ಕರೆಯನ್ನು ತೀರಾ ಕೆಳಗಿಳಿಸುತ್ತವೆ. ಇತ್ತ ಪಂಢರಪುರದ ವಿಠ್ಠಲನ ಭಕ್ತರ ಮನೆಯಲ್ಲಿ ಏಕಾದಶಿಯಂದು ಸಾಬೂದಾಣಿ ಖಿಚಡಿ. ಹೆಸರಿಗೆ ಉಪವಾಸ, ಸಕ್ಕರೆ ಕಾಯಿಲೆಯವರ ಹೊಟ್ಟೆಗೆ ಹೋಗುವುದು ಬಹುತೇಕ ಬರೀ ಪಿಷ್ಟ. ವ್ರತ ಬಿಡಿ ಎಂದರೆ ಅವರು ಡಾಕ್ಟರರನ್ನೇ ಬಿಡುತ್ತಾರೆ. ವ್ರತ ಉಳಿಸಿಕೊಂಡೇ ಶೇಂಗಾ ಹೆಚ್ಚಿಸಿ ಸಾಬೂದಾಣಿ ತಗ್ಗಿಸುವುದು, ಮೊಸರು ಸೇರಿಸುವುದು ಹೇಗೆಂದು ಹೇಳಿದರೆ ಕೇಳುತ್ತಾರೆ.

ಒಲೆಯ ಮುಂದಿನ ಸಣ್ಣ ಬದಲಾವಣೆಗೆ ಎಷ್ಟು ಬಲವಿದೆ ಎಂಬುದಕ್ಕೆ 2021ರಲ್ಲಿ ಪ್ರಕಟವಾದ ಚೀನಾದ ಅಧ್ಯಯನ ಸಾಕ್ಷಿ. 600 ಹಳ್ಳಿಗಳ ಸುಮಾರು 21 ಸಾವಿರ ಜನ, ಹಿಂದೆ ಪಾರ್ಶ್ವವಾಯು ಆದವರು ಇಲ್ಲವೇ ಬಿಪಿ ಇರುವ 60 ದಾಟಿದವರು. ಅರ್ಧ ಹಳ್ಳಿಗಳಿಗೆ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು ಕೊಟ್ಟರು. ಅಲ್ಲಿ ಪಾರ್ಶ್ವವಾಯು ಶೇ 14ರಷ್ಟು ತಗ್ಗಿತು. ಕಿಡ್ನಿ ತೊಂದರೆ ಇದ್ದವರಿಗೆ ಇದೇ ಉಪ್ಪು ಅಪಾಯಕಾರಿ. ಹಾಗಾಗಿಯೇ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಲಹೆ ಸಾಲದು, ಆ ರೋಗಿಯನ್ನು ಬಲ್ಲವರು ಮಾತಾಡಬೇಕು.

ಎಲ್ಲರ ಕೈಗೂ ಆ್ಯಪ್ ಕೊಟ್ಟು ಕೈತೊಳೆದುಕೊಂಡರೆ ಇದು ಆಗುವ ಕೆಲಸವಲ್ಲ. ಕಣ್ಣಿಗೆ ಪೊರೆ ಬಂದ, ಕಿವಿ ಮಂದವಾದ ಅಜ್ಜ ಒಟಿಪಿ ಒತ್ತಲಾರ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು ಪರದೆ ತೋರಿಸುವ ಕ್ರಮವೇ ಹಿರಿಯರಿಗೆ ಸರಿ. ಅಡುಗೆ ಮಾಡುವ ಸೊಸೆಯೋ ಮಗಳೋ ಜೊತೆಗಿರಬೇಕು; ಉಪ್ಪಿನ ಡಬ್ಬಿ ಇರುವುದು ಅವರ ಕೈಯಲ್ಲಿ. ಒಂದು ಸಲಕ್ಕೆ ಒಂದೇ ಪಾಠ, ಹದಿನೈದು ದಿನಕ್ಕೊಮ್ಮೆ ಮತ್ತೆ ಕರೆ, ಅದೂ ಈ ಕಡೆಯ ಕನ್ನಡದಲ್ಲಿ. ಕಿವಿಯಿಂದ ಕಲಿಯುವುದು ಈ ಜನಕ್ಕೆ ಹೊಸತಲ್ಲ. 1950ರಿಂದ ಧಾರವಾಡ ಆಕಾಶವಾಣಿ ರೈತರಿಗೆ ಮನೆಬಾಗಿಲಲ್ಲೇ ಬೇಸಾಯ ಹೇಳಿಕೊಟ್ಟಿದೆ.

ಸರ್ಕಾರದ ಪೋಷಣ್ ಕಾರ್ಯಕ್ರಮ ಗರ್ಭಿಣಿ, ಬಾಣಂತಿ, ಕೂಸು, ಕಿಶೋರಿಯರ ಸುತ್ತ ಕಟ್ಟಿದ್ದು, ಅದು ಅಗತ್ಯವೇ. 2011ರ ಜನಗಣತಿಯಲ್ಲೇ ರಾಜ್ಯದ ನೂರರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ 60 ದಾಟಿದ್ದರು, ಅವರ ತಾಟಿನ ಹೊಣೆ ಮಾತ್ರ ಯಾರ ಪಾಲಿಗೂ ಬಂದಿಲ್ಲ. ಆರೋಗ್ಯ ಇಲಾಖೆ ಇ-ಸಂಜೀವಿನಿಯಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಹಿರಿಯರ ಊಟಕ್ಕೆಂದೇ ಮೀಸಲಿಡಲಿ. ಉತ್ತರ ಕರ್ನಾಟಕದ ಅಡುಗೆ ಬಲ್ಲ ಆಹಾರ ತಜ್ಞರನ್ನು ಅಲ್ಲಿ ಕೂರಿಸಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆ ಓದಿದವರು ಇದ್ದಾರೆ, ಅವರನ್ನು ಕರೆಯಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೊಂದಿದೆ. ಮುಂದಿನ ಸಲ ಮನೆಯ ಹಿರಿಯರನ್ನು ಬಿಪಿ ನೋಡಿಸಲು ಉಪಕೇಂದ್ರಕ್ಕೆ ಕರೆದೊಯ್ದಾಗ, ಪರದೆಯ ಮೇಲೆ ಡಾಕ್ಟರು ಬಂದ ಕೂಡಲೇ ಹಿಂದಿನ ದಿನ ಅವರು ಏನೇನು ಉಂಡರು, ಎಷ್ಟು ಹೊತ್ತಿಗೆ ಉಂಡರು ಎಂದು ಹೇಳಿ, ಆಮೇಲೆ ಗುಳಿಗೆಯ ಮಾತು ತೆಗೆಯಿರಿ.