ಧೂಳಿಗೂ ಬೆಳೆನಷ್ಟದ ಲೆಕ್ಕ ಬೇಕು

ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆಯಲ್ಲಿ ಅದಿರು ಲಾರಿಗಳು ಓಡಾಡುವ ರಸ್ತೆ ಪಕ್ಕದ ಹೊಲಕ್ಕಿಳಿದು ಮೆಕ್ಕೆಜೋಳದ ಎಲೆಯ ಮೇಲೆ ಬೆರಳಾಡಿಸಿ ನೋಡಿ. ಬೆರಳು ಹೋದಷ್ಟು ಜಾಗ ಹಸಿರು, ಉಳಿದದ್ದೆಲ್ಲ ಕೆಂಪು. ಈ ಧೂಳು ಎಲೆ ಉಸಿರಾಡುವ ರಂಧ್ರಗಳನ್ನು ಮುಚ್ಚುತ್ತದೆ, ಬಿಸಿಲು ತಾಗದಂತೆ ತಡೆಯುತ್ತದೆ, ಇಳುವರಿ ಕುಗ್ಗುತ್ತದೆ. ಧೂಳು ಕುಳಿತ ಹತ್ತಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಧೂಳಿನ ಸೂಕ್ಷ್ಮ ಕಣಗಳು ಮನುಷ್ಯರ ಎದೆಗೂ ಇಳಿಯುತ್ತವೆ.

ಅಕ್ರಮ ಗಣಿಗಾರಿಕೆಯ ಕಥೆ ನಾಡಿಗೆಲ್ಲ ಗೊತ್ತು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ ವರದಿ, 2011ರ ಜುಲೈನಲ್ಲಿ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಹಾಕಿದ ತಡೆ, 2013ರ ತೀರ್ಪು ಎಲ್ಲವೂ ದಾಖಲಾಗಿವೆ. ಕಳ್ಳತನಕ್ಕೆ ಕಡಿವಾಣ ಬಿತ್ತು. ಆದರೆ ಪರವಾನಗಿ ಇರುವ ಅದಿರು ಧೂಳೆಬ್ಬಿಸುವುದಿಲ್ಲವೇ? 2022ರಲ್ಲಿ ಬಳ್ಳಾರಿಯ ವಾರ್ಷಿಕ ಉತ್ಪಾದನಾ ಮಿತಿಯನ್ನು 28ರಿಂದ 35 ದಶಲಕ್ಷ ಟನ್ನಿಗೆ ಏರಿಸಲಾಯಿತು. ರಸ್ತೆಗಿಳಿಯುವ ಪ್ರತಿ ಟನ್ನಿನ ಹಿಂದೆ ಧೂಳಿನ ಬಾಲವಿದೆ.

ಮಳೆ ಕೈಕೊಟ್ಟರೆ, ಪ್ರವಾಹ ನುಗ್ಗಿದರೆ, ಕೀಟ ಬಿದ್ದರೆ ಬೆಳೆ ವಿಮೆಯಲ್ಲಿ ಲೆಕ್ಕವಿದೆ. ವರ್ಷವಿಡೀ ಬೀಳುವ ಗಣಿ ಧೂಳು ಆ ಪಟ್ಟಿಯಲ್ಲಿಲ್ಲ. ಗಣಿಯಿಂದ ಒಂದು ರೂಪಾಯಿ ಕಾಣದ ರೈತನೇ ಅದರ ಖರ್ಚು ಹೊರಬೇಕೆಂದರೆ ಅದು ಅನ್ಯಾಯ.

ಗಣಿ ಮುಚ್ಚಿದರೆ ದುಡಿಯುವವರ ಹೊಟ್ಟೆಪಾಡು ಏನು ಎಂಬ ಪ್ರಶ್ನೆ ನಿಜವಾದದ್ದೇ. ಲಾರಿ ಚಾಲಕರು, ಕ್ಲೀನರ್‌ಗಳು, ಡಾಬಾ ನಡೆಸುವವರು ಇದೇ ಊರಿನವರು. ಅವರ ಮಕ್ಕಳು ಉಸಿರಾಡುವುದೂ ಇದೇ ಗಾಳಿ. ಗಣಿ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಅದಿರು ರಸ್ತೆ ಬಿಟ್ಟು ರೈಲು, ಮುಚ್ಚಿದ ಕನ್ವೇಯರ್ ಹಿಡಿಯಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪೈಪ್ ಕನ್ವೇಯರ್‌ನಲ್ಲಿ ಅದಿರು ಬರುತ್ತಿದೆ, ಅಂದಮೇಲೆ ಇದು ಆಗದ ಮಾತಲ್ಲ. ಲಾರಿ ಕೆಲಸ ಕಳೆದುಕೊಳ್ಳುವವರಿಗೆ ಬೇರೆ ದುಡಿಮೆಯ ದಾರಿಯನ್ನೂ ಅದೇ ಯೋಜನೆಯಲ್ಲಿ ಬರೆಯಬೇಕು.

ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. ಗಣಿ ಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ ಸಾವಿರಾರು ಕೋಟಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಆ ಹಣದಲ್ಲಿ ಮೊದಲು ಅದಿರು ಸಾಗುವ ದಾರಿಯ ಊರೂರಲ್ಲೂ ಗಾಳಿ ಅಳೆಯುವ ಯಂತ್ರ ಕೂರಿಸಿ, ದಿನದ ಅಂಕಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಬರೆಸಿ. ರಾಷ್ಟ್ರೀಯ ಮಾನದಂಡದ ಪ್ರಕಾರ 24 ಗಂಟೆಗಳಲ್ಲಿ ಪಿಎಂ 10 ಎಂಬ ಸೂಕ್ಷ್ಮ ಧೂಳಿನ ಕಣಗಳ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು. ಮೀರಿದ ದಿನ ಲಾರಿ ನಿಲ್ಲಲಿ. ಧೂಳಿನಿಂದ ಬೆಳೆ ಕೆಟ್ಟರೆ ಕೃಷಿ ಇಲಾಖೆ ಪಂಚನಾಮೆ ಮಾಡಲಿ, ಪರಿಹಾರವನ್ನು ಗಣಿ ಮಾಲೀಕರೇ ಕಟ್ಟಲಿ. ಧೂಳಿಗೆ ದುಡ್ಡು ತೆರಬೇಕಾಗಿ ಬಂದ ದಿನವೇ ಅದನ್ನು ತಡೆಯುವ ದಾರಿ ಅವರಿಗೆ ತಾನಾಗಿ ಹೊಳೆಯುತ್ತದೆ.