ಗ್ರಾಮಗಳ ಒಳಚರಂಡಿಯ ಪ್ರಶ್ನೆ

ಮನೆಗೆ ನೀರನ್ನು ತಂದವನು ಬಚ್ಚಲಿಗೂ ದಾರಿ ಮಾಡಬೇಕೆಂಬುದು ಸಾಮಾನ್ಯ ಗೃಹಸ್ಥನೂ ಬಲ್ಲ ಮಾತು. ಒಂದು ಮನೆಗೆ ಒಪ್ಪುವ ಈ ನ್ಯಾಯವು ಒಂದು ಊರಿಗೂ ಒಪ್ಪತಕ್ಕದ್ದೆಂಬುದನ್ನು ನಮ್ಮ ಆಡಳಿತವರ್ಗವು ಇನ್ನೂ ಪೂರ್ಣವಾಗಿ ಮನಗಂಡಂತೆ ತೋರುವುದಿಲ್ಲ. 2019ರ ಆಗಸ್ಟ್ 15ರಂದು ಸಾರಲ್ಪಟ್ಟ ಜಲ ಜೀವನ ಯೋಜನೆಯು ಗ್ರಾಮಾಂತರದ ಪ್ರತಿಯೊಂದು ಮನೆಗೂ ನಲ್ಲಿಯನ್ನಿಟ್ಟು, ತಲೆಯೊಂದಕ್ಕೆ ದಿನಕ್ಕೆ 55 ಲೀಟರಿನಂತೆ ನೀರೊದಗಿಸುವ ಸಂಕಲ್ಪವನ್ನು ಮಾಡಿತು. ಸಂಕಲ್ಪವು ಸ್ತುತ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳೆಯಾಗಿ ಹೊರಬೀಳುವುದೆಂದು ಇಂಜಿನಿಯರರ ಲೆಕ್ಕವುಂಟು. ಎರಡು ಸಾವಿರ ಜನರಿರುವ ಹಳ್ಳಿಗೆ ದಿನವೊಂದಕ್ಕೆ 1,10,000 ಲೀಟರು ಬಂದರೆ 88,000 ಲೀಟರು ಹೊರಡಲೇಬೇಕು. ಎಲ್ಲಿಗೆ? ಬೀದಿಯ ಕೊನೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಊರ ಕೆರೆಗೆ. ಯೋಜನೆಯ ಕಾಗದಗಳಲ್ಲಿ ಬಚ್ಚಲ ನೀರಿನ ವಿಲೇವಾರಿಯ ಮಾತು ಇಲ್ಲದಿಲ್ಲ. ಆದರೆ ನಲ್ಲಿಯ ಉದ್ಘಾಟನೆಗೆ ಸೇರುವ ಗಣ್ಯರು ಚರಂಡಿಯ ಉದ್ಘಾಟನೆಗೆ ಸೇರುವುದನ್ನು ನಾವು ಕಂಡುದು ಅಪರೂಪ.

ಇದಕ್ಕೆ ಮೊದಲು, 2014ರಿಂದ 2019ರ ವರೆಗೆ, ಸ್ವಚ್ಛ ಭಾರತ ಯೋಜನೆಯ ಮೂಲಕ ಹಳ್ಳಿಹಳ್ಳಿಗಳಲ್ಲಿಯೂ ಶೌಚಾಲಯಗಳು ಎದ್ದವು. ನೆಲವು ನೀರನ್ನು ಕುಡಿಯುವಲ್ಲಿ, ಹಿತ್ತಲು ವಿಶಾಲವಾಗಿರುವಲ್ಲಿ, ಎರಡು ಗುಂಡಿಗಳ ಶೌಚಾಲಯವೇ ಸಾಕು. ಒಂದು ತುಂಬಿದಾಗ ಇನ್ನೊಂದನ್ನು ಬಳಸುತ್ತಿದ್ದರೆ ಮೊದಲಿನದು ಕಾಲಕ್ರಮದಲ್ಲಿ ಗೊಬ್ಬರವಾಗುವುದು. ಅಂಥ ಊರಿಗೆ ಒಳಚರಂಡಿಯೇ ಬೇಡ. ಆದರೆ ಬಯಲುಸೀಮೆಯ ಎರೆಮಣ್ಣಿನಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲ. ಕರಾವಳಿಯಲ್ಲಿ ಅಂತರ್ಜಲವು ಮೇಲಿರುವುದರಿಂದ ಮಲಗುಂಡಿಯ ರಸವು ನೆರೆಯ ಬಾವಿಗೆ ಸೇರುವ ಭಯವುಂಟು. ಗೋಡೆಗೆ ಗೋಡೆ ತಾಗಿದ ಕೇರಿಗಳಲ್ಲಿ ಒಂದು ಗುಂಡಿಗೂ ಎಡೆಯಿಲ್ಲ. ಇಂಥ ಸ್ಥಳಗಳಲ್ಲಿ ಸಾರ್ವಜನಿಕ ಒಳಚರಂಡಿಯು ಭೋಗದ ವಸ್ತುವಲ್ಲ, ಜೀವನಾವಶ್ಯಕವಾದುದು.

ಇಲ್ಲಿ ಎರಡು ತಪ್ಪು ಆಶೆಗಳನ್ನು ಬಿಡಬೇಕಾಗಿದೆ. ಮೊದಲನೆಯದು, ಹತ್ತಿರದ ನಗರದ ಒಳಚರಂಡಿಯು ತಾನಾಗಿ ನಮ್ಮೂರಿಗೆ ಬರುವುದೆಂಬುದು. ಬೆಂಗಳೂರಿನ ಸುತ್ತಣ 110 ಹಳ್ಳಿಗಳು 2007ರಲ್ಲಿ ಮಹಾನಗರಕ್ಕೆ ಸೇರಿದವು. ಅವುಗಳಿಗಾಗಿ ಕೈಕೊಂಡ ಕಾವೇರಿ ಐದನೆಯ ಹಂತದ ನೀರಿನ ಯೋಜನೆಯು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಗರದ ಒಳಗಾದ ಹಳ್ಳಿಗಳೇ ನೀರಿಗಾಗಿ ಹದಿನೇಳು ವರ್ಷ ಕಾದಿರುವಾಗ, ದೂರದ ಹಳ್ಳಿಗಳು ಕೊಳವೆಗಾಗಿ ಎಷ್ಟು ಕಾಲ ಕಾಯಬೇಕಾದೀತೆಂಬುದನ್ನು ವಾಚಕರೇ ಊಹಿಸಲಿ.

ಎರಡನೆಯದು, ನಗರದ ಒಳಚರಂಡಿಯನ್ನೇ ಕಿರಿದು ಮಾಡಿ ಹಳ್ಳಿಗೆ ಹಾಕಿದರೆ ಕೆಲಸವಾಯಿತೆಂಬುದು. ಇದು ಹೆಚ್ಚು ಅಪಾಯಕರವಾದುದು. ನಗರದ ಒಳಚರಂಡಿಯಲ್ಲಿ ಮಲವು ಹೆಪ್ಪುಗಟ್ಟದೆ ಸಾಗಬೇಕಾದರೆ ನೀರು ಸೆಕೆಂಡಿಗೆ ಸುಮಾರು ಎರಡು ಅಡಿಯ ವೇಗದಲ್ಲಿ ಹರಿಯಬೇಕು. ಆದುದರಿಂದಲೇ ಒಳಚರಂಡಿಯುಳ್ಳ ಪಟ್ಟಣಕ್ಕೆ ತಲೆಗೆ 135 ಲೀಟರು ನೀರು ಬೇಕೆಂದು ನಿಯಮವಿಟ್ಟಿದ್ದಾರೆ. 55 ಲೀಟರಿನ ಹಳ್ಳಿಯಲ್ಲಿ ಆ ವೇಗವನ್ನು ಸಾಧಿಸುವುದು ಕಷ್ಟ. ಮಲವು ತಳದಲ್ಲಿ ನಿಲ್ಲುವುದು, ಕೊಳವೆಯು ಕಟ್ಟಿಕೊಳ್ಳುವುದು, ಮ್ಯಾನ್‌ಹೋಲು ಉಕ್ಕುವುದು. ಆಗ ಪಂಚಾಯತಿಯವರು ಯಾರನ್ನು ಕರೆಯುತ್ತಾರೆ? ಯಾವ ಕೇರಿಗೆ ಆಳನ್ನು ಅಟ್ಟುತ್ತಾರೆ? ಉತ್ತರವು ನಮಗೆಲ್ಲರಿಗೂ ಗೊತ್ತು.

ಮಲ ಎತ್ತುವ ಕೆಲಸಕ್ಕೆ ಮನುಷ್ಯರನ್ನು ನೇಮಿಸುವುದನ್ನು 1993ರ ಕಾಯಿದೆಯು ನಿಷೇಧಿಸಿತು. 2013ರ ಕಾಯಿದೆಯು ರಕ್ಷಣೆಯಿಲ್ಲದೆ ಒಳಚರಂಡಿಗೂ ಮಲಗುಂಡಿಗೂ ಜನರನ್ನಿಳಿಸುವುದನ್ನು ಅಪರಾಧವೆಂದು ಸಾರಿತು. ಹೀಗೆ ಇಳಿದು ಸತ್ತವನ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡತಕ್ಕದ್ದೆಂದು 2014ರಲ್ಲಿ ಆಜ್ಞಾಪಿಸಿದ ಸುಪ್ರೀಂ ಕೋರ್ಟು, 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೇರಿಸಿತು. ಸಾವುಗಳು ನಿಂತಿದ್ದರೆ ಮೊತ್ತವನ್ನು ಏರಿಸುವ ಪ್ರಸಂಗವೇಕೆ ಬರುತ್ತಿತ್ತು? 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮಾಜದವರು ಪುರಸಭೆಯ ಕಚೇರಿಯೆದುರು ತಮ್ಮ ಮೈಮೇಲೆ ತಾವೇ ಮಲವನ್ನು ಸುರಿದುಕೊಂಡು ನ್ಯಾಯ ಬೇಡಿದುದನ್ನು ಕನ್ನಡ ನಾಡು ಮರೆಯಲಾಗದು. ಹಳ್ಳಿಯ ನೈರ್ಮಲ್ಯಕ್ಕೆಂದು ಹಾಕಿದ ಕೊಳವೆಯು ಹೊಸದೊಂದು ಮಲ ಎತ್ತುವ ಚಾಕರಿಯನ್ನು ಹುಟ್ಟಿಸುವುದಾದರೆ, ಆ ಕೊಳವೆಯನ್ನು ಹಾಕದಿರುವುದೇ ಲೇಸು.

ಹಾಗಾದರೆ ಮಾರ್ಗವಿಲ್ಲವೆ? ಉಂಟು. ಪ್ರತಿ ಮನೆಗೆ, ಅಥವಾ ನಾಲ್ಕಾರು ಮನೆಗಳಿಗೆ ಸೇರಿ, ಒಂದು ತೊಟ್ಟಿಯನ್ನು ಕಟ್ಟಿ ಮಲವನ್ನು ಅಲ್ಲಿಯೇ ತಂಗಿಸಿ, ತಿಳಿಯಾದ ನೀರನ್ನು ಮಾತ್ರ ಸಣ್ಣ ಕೊಳವೆಯಲ್ಲಿ ಹರಿಸುವ ಪದ್ಧತಿಯು ಬಲ್ಲವರಿಗೆ ಹೊಸದಲ್ಲ. ಗಟ್ಟಿ ಪದಾರ್ಥವಿಲ್ಲದುದರಿಂದ ನಾಲ್ಕಂಗುಲದ ಕೊಳವೆಯೂ ಸಾಲುವುದು. ಹೆಚ್ಚು ಇಳಿಜಾರು ಬೇಡ, ಆಳವಾದ ಅಗೆತ ಬೇಡ, ಮನುಷ್ಯನಿಳಿಯುವ ಮ್ಯಾನ್‌ಹೋಲು ಬೇಡ. ತೊಟ್ಟಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಯಂತ್ರವುಳ್ಳ ಟ್ಯಾಂಕರಿನಿಂದ ಬರಿದು ಮಾಡಬಹುದು. ಊರ ತಗ್ಗಿನಲ್ಲಿ ಸ್ವಲ್ಪ ಭೂಮಿ ದೊರೆತರೆ ವಿದ್ಯುತ್ತಿನ ಖರ್ಚಿಲ್ಲದೆ ಹೊಂಡಗಳಲ್ಲಿಯೇ ಬಿಸಿಲು ಗಾಳಿಗಳು ಆ ನೀರನ್ನು ಶೋಧಿಸುವುವು. ಬೆಂಗಳೂರಿನ ಕೊಳೆನೀರನ್ನು ಶುದ್ಧಿಗೊಳಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಿದ ಸರಕಾರಕ್ಕೆ, ಒಂದು ಹಳ್ಳಿಯ ನೀರನ್ನು ಅದೇ ಹಳ್ಳಿಯ ಮರಗಳಿಗೆ ಹರಿಸುವುದು ಅಸಾಧ್ಯವಾದೀತೆ?

ಜನರಿಂದ ಇಂಥದಾಗದೆಂಬ ನಿರಾಶೆಯೂ ಸಲ್ಲದು. ಐ.ಸಿ.ಎಸ್. ಹುದ್ದೆಯನ್ನು ತ್ಯಜಿಸಿದ್ದ ಅಖ್ತರ್ ಹಮೀದ್ ಖಾನ್ ಅವರು 1980ರಲ್ಲಿ ಕರಾಚಿಯ ಒರಂಗಿ ಬಸ್ತಿಯಲ್ಲಿ ಕೆಲಸವನ್ನಾರಂಭಿಸಿದರು. ಅಲ್ಲಿಯ ಬಡವರು ಓಣಿಓಣಿಯಾಗಿ ಕೂಡಿ, ಹಣ ಹಾಕಿ, ತಮ್ಮ ಓಣಿಯ ಒಳಚರಂಡಿಯನ್ನು ತಾವೇ ಕಟ್ಟಿದರು. ಆದರೆ ಓಣಿಯಾಚೆಯ ದೊಡ್ಡ ಕೊಳವೆಯೂ ಶುದ್ಧೀಕರಣವೂ ಸರಕಾರದ ಪಾಲಿಗಿದ್ದುವು. ಅವು ಹಿಂದೆ ಬಿದ್ದುದರಿಂದ ಕೊಳೆನೀರು ಬಹುಮಟ್ಟಿಗೆ ನಾಲೆಗಳನ್ನೇ ಸೇರಿತು. ಜನರು ತಮ್ಮ ಪಾಲನ್ನು ಮಾಡುವರು, ಸರಕಾರವು ತನ್ನ ಪಾಲನ್ನು ತಪ್ಪಿಸಲಾಗದು ಎಂಬ ಎರಡು ಪಾಠಗಳೂ ಅದರಲ್ಲಿವೆ.

ಹಣದ ಮಾತು. ಸಂವಿಧಾನದ 73ನೆಯ ತಿದ್ದುಪಡಿಯು ಆರೋಗ್ಯ ಮತ್ತು ನೈರ್ಮಲ್ಯವನ್ನು ಪಂಚಾಯತಿಗಳಿಗೆ ವಹಿಸಿಕೊಡಬಹುದಾದ ವಿಷಯಗಳಲ್ಲಿ ಸೇರಿಸಿತು. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಯಲ್ಲಿ ಗ್ರಾಮೀಣ ಸಂಸ್ಥೆಗಳ ಅನುದಾನದಲ್ಲಿ ನೂರಕ್ಕೆ 60ನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮುಡಿಪಿಟ್ಟಿತು. ಕಟ್ಟುವುದಕ್ಕೆ ಹಣ ಹೇಗೋ ದೊರೆತೀತು, ಕಾಪಾಡುವುದಕ್ಕೆ ದೊರೆಯದು. ಗುತ್ತಿಗೆದಾರನು ಬಿಲ್ಲು ಪಡೆದು ಹೋದ ಮೇಲೆ ಕೊಳವೆಯ ಯಜಮಾನರು ಯಾರೆಂಬುದು ಮೊದಲೇ ನಿಶ್ಚಯವಾಗಬೇಕು.

ಆದುದರಿಂದ ನಾವು ಕೇಳುವುದಿಷ್ಟು. ಕೊಳೆನೀರಿನ ದಾರಿ ತೀರ್ಮಾನವಾಗದೆ ಯಾವ ಗ್ರಾಮದ ನೀರಿನ ಕಾಮಗಾರಿಗೂ ಪೂರ್ಣವಾಯಿತೆಂಬ ಪತ್ರವನ್ನು ಕೊಡಬಾರದು. ಪ್ರತಿ ಪಂಚಾಯತಿಯೂ ಮನೆಗಿಷ್ಟೆಂದು ಅಲ್ಪ ಶುಲ್ಕವನ್ನೆತ್ತಿ, ನಿರ್ವಹಣೆಯ ಹಣವನ್ನು ಬೇರೆಯಾಗಿಯೇ ಇಡಬೇಕು. ಹತ್ತಾರು ಪಂಚಾಯತಿಗಳು ಕೂಡಿಯಾದರೂ ಒಂದು ಹೀರುಯಂತ್ರದ ಗಾಡಿಯನ್ನೂ, ಅದು ತಂದ ಕೆಸರನ್ನು ಹದಗೊಳಿಸುವ ಸ್ಥಳವನ್ನೂ ಹೊಂದಬೇಕು. ಯಂತ್ರವಿಲ್ಲವೆಂಬ ನೆಪದಿಂದ ಮನುಷ್ಯನನ್ನಿಳಿಸಿದ ಅಧಿಕಾರಿಯ ಮೇಲೆ ಕಾಯಿದೆಯು ನಿರ್ದಾಕ್ಷಿಣ್ಯವಾಗಿ ನಡೆಯಬೇಕು.

ಕೊನೆಯದೊಂದು ಮಾತು. ಚರಂಡಿಯನ್ನು ತಗ್ಗಿನ ತುದಿಯಿಂದ ಮೊದಲುಮಾಡಿ ಮೇಲಕ್ಕೆ ಕಟ್ಟುತ್ತ ಬರುವುದು ಇಂಜಿನಿಯರರ ರೂಢಿ. ನಮ್ಮ ಎಷ್ಟೋ ಊರುಗಳಲ್ಲಿ ಆ ತಗ್ಗಿನಲ್ಲಿಯೇ ಬಡವರ ಕೇರಿಯಿದೆ. ಮೇಲಿನ ಬೀದಿಗಳ ಕೊಳೆಯೆಲ್ಲ ತಲೆತಲಾಂತರದಿಂದ ಅವರ ಬಾಗಿಲಿಗೆ ಹರಿದಿದೆ. ಕೆಲಸವು ಅಲ್ಲಿಂದಲೇ ಆರಂಭವಾಗಲಿ. ಆ ಕೇರಿಯ ಅಂಗಳವು ಒಣಗಿದ ದಿನ ಊರಿಗೆ ಒಳಚರಂಡಿ ಬಂದಿತೆಂದು ನಾವು ಒಪ್ಪುವೆವು.