ಸೊನ್ನೆ ಬಿಲ್ಲಿನ ಬಿಸಿನೀರು

ಗೀಸರಿನ ಸ್ವಿಚ್ಚು ಹಾಕಿ, ಕಾಫಿ ಕುಡಿದು, ಪೇಪರು ತಿರುವಿ, ಮೊಬೈಲಿನಲ್ಲಿ ಮುಳುಗೆದ್ದು, ಮುಕ್ಕಾಲು ಗಂಟೆ ಬಿಟ್ಟು ಬಚ್ಚಲಿಗೆ ಹೋಗುವವರೇ, ಸ್ನಾನ ಮುಗಿಸಿ ಆಫೀಸಿಗೆ ಹೊರಟ ಮೇಲೂ ಎಷ್ಟೋ ದಿನ ಆ ಸ್ವಿಚ್ಚು ಹಾಕಿದಂತೆಯೇ ಇರುತ್ತದೆ. ನಿಮಗಿದು ಗೊತ್ತು. ಬೈಯಲು ಬರೆಯುತ್ತಿಲ್ಲ. ಬೀದಿಯಲ್ಲಿ ಸುಮ್ಮನೆ ಹರಿಯುವ ನಲ್ಲಿ ಕಂಡರೆ ನಿಂತು ತಿರುಗಿಸಿ ಹೋಗುವ ಜನ ನೀವು, ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ.

15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.7 ಯೂನಿಟ್ ಬೇಕು. ಕಲ್ಲಿದ್ದಲಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಅರ್ಧ ಕಿಲೋ. ಮೈಗೆ ಹಿತವಾಗುವುದು 40ರ ಆಸುಪಾಸು. ಕಾಯಿಸಿ ಬಳಸದೆ ಬಿಟ್ಟ ನೀರು ತಣಿಯುತ್ತದೆ, ಗೀಸರು ಮತ್ತೆ ಕಾಯಿಸುತ್ತದೆ, ಮತ್ತೆ ತಣಿಯುತ್ತದೆ, ಮನೆಯಲ್ಲಿ ಯಾರೂ ಇಲ್ಲದಾಗಲೂ.

2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಅನೇಕರಿಗೆ ಬಿಲ್ಲು ಸೊನ್ನೆ. ಬಡವರ ಮನೆಗೆ ಅದರಿಂದ ಬೆಳಕಾಗಿದೆ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಉರಿದದ್ದು ಸೊನ್ನೆಯಾಗುವುದಿಲ್ಲ, ನಿಮಗಿದು ಗೊತ್ತು. ನಾಡೆಲ್ಲ ಮೀಯುವ ಬೆಳಗಿನ ಆರರ ಹೊತ್ತಿಗೆ ಪಾವಗಡದ ಸೌರಫಲಕಗಳಿಗೆ ಬಿಸಿಲು ತಾಗಿರುವುದಿಲ್ಲ. ಆಗ ಹೊರೆ ಹೊರುವುದು ಜಲಾಶಯಗಳ ನೀರು, ಮತ್ತು ಕೃಷ್ಣೆಯ ದಡದ ಶಕ್ತಿನಗರದಂಥ ಕಡೆ ಉರಿಯುವ ಕಲ್ಲಿದ್ದಲು. ಒಣಹಾಕಿದ ಬಟ್ಟೆಯ ಮೇಲೆ, ಹೊಲದ ಬೆಳೆಯ ಮೇಲೆ, ಮುಚ್ಚಿಡದ ಅನ್ನದ ಮೇಲೆ ಹಾರುಬೂದಿ ಕೂರುತ್ತದೆಂದು ಅಲ್ಲಿನ ಸುತ್ತಲ ಹಳ್ಳಿಯವರು ವರ್ಷಗಳಿಂದ ದೂರುತ್ತಿದ್ದಾರೆ. ಆ ದೂರು ನಿಮ್ಮ ಬಚ್ಚಲಿನವರೆಗೆ ಬರುವುದಿಲ್ಲ. ಬರುವುದು ಬಿಸಿನೀರು ಮಾತ್ರ.

ಮಲೆನಾಡಿನ ಬಂಧುಗಳೇ, ನಮ್ಮಲ್ಲಿ ಹಂಡೆ ಒಲೆ, ಕಟ್ಟಿಗೆಗೆ ದುಡ್ಡೇ ಇಲ್ಲ ಎನ್ನುತ್ತೀರಿ. ಮಳೆಗಾಲದ ಹಸಿ ಕುಂಟೆ ಹೊಗೆಯಾಡುವಾಗ, ಕಣ್ಣಲ್ಲಿ ನೀರು ಸುರಿಸುತ್ತ ಊದುಗೊಳವೆ ಊದುವವರು ಯಾರು? ನೀವಲ್ಲ, ನಿಮ್ಮ ತಾಯಿ, ನಿಮ್ಮ ಅತ್ತಿಗೆ. ಹೊಗೆ ಕೊಳವೆಯಲ್ಲಿ ಹೊರಹೋಗುವ, ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿ ದಶಕಗಳೇ ಕಳೆದವು. ಒಲೆ ಬದಲಿಸುವ ಮಾತು ಬಂದಾಗಲೆಲ್ಲ ಮನೆಯ ಗಂಡಸರಿಗೆ ಬೇರೆ ಖರ್ಚು ಎದುರಾಗುತ್ತದೆ.

ಪಟ್ಟಣದ ದೊಡ್ಡ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವೆಂದು ಸರ್ಕಾರ ಆದೇಶಿಸಿದ್ದು 2007ರಲ್ಲಿ. ಕರೆಂಟ್ ಸಂಪರ್ಕ ಸಿಗಲೆಂದು ಹಾಕಿಸಿದಿರಿ, ಆಮೇಲೆ ತಾರಸಿ ಹತ್ತಲಿಲ್ಲ. ಗಾಜಿಗೆ ಧೂಳು ಮೆತ್ತಿದೆ, ಬೋರ್‌ವೆಲ್ಲಿನ ಗಡಸು ನೀರಿಗೆ ಪೈಪಿನೊಳಗೆ ಉಪ್ಪು ಕಟ್ಟಿದೆ, ಕೆಳಗೆ ಗೀಸರು ಉರಿಯುತ್ತಿದೆ. ನಿಮಗಿದೂ ಗೊತ್ತು.

ದಯವಿಟ್ಟು ಈ ಭಾನುವಾರ ಒದ್ದೆ ಬಟ್ಟೆ ಹಿಡಿದು ಮೇಲೆ ಹೋಗಿ. ಉಪ್ಪು ತೆಗೆಸಲು ಪ್ಲಂಬರನ್ನು ಕರೆಸಿ. ಗೀಸರಿನ ತಿರುಪನ್ನು ಕೊನೆಯಿಂದ ಇಳಿಸಿ, ಒಬ್ಬರ ಹಿಂದೆ ಒಬ್ಬರು ಮೀಯಿರಿ, ಬಕೆಟ್ ತುಂಬಿದೊಡನೆ ಸ್ವಿಚ್ಚು ಆರಿಸಿ. ಇನ್ನೊಂದು ಮಾತು: ಡಿಸೆಂಬರಿನ ಬೆಳಗ್ಗೆ ನಿಮ್ಮ ಪಾತ್ರೆ ತಿಕ್ಕುವಾಕೆ ಕೊರೆಯುವ ನೀರಿಗೆ ಕೈಯೊಡ್ಡುತ್ತಾಳೆ, ಕೇಳುವುದಿಲ್ಲ. ಬಿಸಿಲು ಪುಕ್ಕಟೆ ಕಾಯಿಸಿದ ಆ ನೀರಿನ ಒಂದು ಪೈಪನ್ನು ಅವಳ ನಲ್ಲಿಗೂ ಎಳೆಸಿ. ಪ್ಲಂಬರು ಹೇಗೂ ಬಂದಿರುತ್ತಾನೆ.